ಬೆನ್ನಿಗೆ ಹಳದಿ ಗೀಟು

ಉರುವಲು ಕಟಗಿ ಮಾರುವ ನೀಲವ್ವ ಮಿಲಿಟರಿ ಹರಾಜಿನಲ್ಲಿ ಹಳೇ ಟ್ರೇಲರ್ ಒಂದನ್ನು ತಂದಳು. ಅದರ ಬೆನ್ನಿಗೆ ದೊಡ್ಡದೊಂದು ಹಳದಿ ಗೀಟು. ಸೇವೆ ಮುಗಿದ ಸಾಮಾನಿಗೆಲ್ಲ ಅಲ್ಲಿ ಹಾಗೆ ಗೀಟೆಳೆದೇ ಹೊರಗೆ ಬಿಡುತ್ತಾರೆ.

ಮದುವೆ ಮನೆಗೆಂದು ಅದರಲ್ಲಿ ಕಟಗಿ ಹೇರಿಕೊಂಡು ಟ್ರ್ಯಾಕ್ಟರ್ ಹೊಡೆದುಕೊಂಡು ಹೊರಟರೆ, ನಿವೃತ್ತ ಸುಬೇದಾರ್ ಬಾಳಪ್ಪನವರು ಮೀಸೆ ತಿರುವುತ್ತ ರಸ್ತೆಗೆ ಅಡ್ಡ ನಿಂತರು.

"ದೇಶ ಕಾದ ಗಾಡಿ ಮ್ಯಾಲೆ ಕಟಗಿ? ಮಿಲಿಟರಿಗೇ ಅವಮಾನ! ಎಲ್ಲಾ ನಮ್ಮ ಹಿತ್ತಲದಾಗ ಇಳಿಸು!"

ಅತ್ತ ಮದುವೆ ಮನೆಯಲ್ಲಿ ಒಲೆ ಹೊತ್ತಿಲ್ಲ, ಬೀಗರು ಹಸಿದು ಕೂತಿದ್ದಾರೆ. ನೀಲವ್ವ ವಾದಕ್ಕಿಳಿಯಲಿಲ್ಲ. ಎತ್ತಿನ ಕೊಂಬಿಗೆ ಬಳಿಯುವ ಹಳದಿ ಬಣ್ಣದ ಡಬ್ಬಿ ಸೀಟಿನ ಕೆಳಗಿತ್ತು. ಅದನ್ನು ತೆಗೆದು ಬ್ರಷ್ ಅದ್ದಿದಳು.

"ಸಾಹೇಬ್ರ, ಸ್ವಲ್ಪ ಬೆನ್ನು ಇತ್ತ ಮಾಡಿ ಹೊಳ್ಳಿ ನಿಂದರ್ರಿ."

"ಯಾಕ?"

"ಮಿಲಿಟರಿಯಿಂದ ಹೊರಗ ಬಂದ ಮ್ಯಾಲೆ ಮೊದಲು ಬೆನ್ನಿಗೆ ಗೀಟು, ಆಮ್ಯಾಲೆ ಕಟಗಿ ಹೊರೋದು. ಟ್ರೇಲರಿಗೆ ಎರಡೂ ಆಗೇತಿ. ಅದು ಹೊರಬಾರದು ಅಂದ್ರ, ಅದರ ಪಾಳಿ ನಿಮ್ಮದರೀ."

ಬ್ರಷ್ಷಿನ ತುದಿಯಿಂದ ಒಂದು ಹನಿ ತೊಟ್ಟಿಕ್ಕಿತು. ಸುಬೇದಾರರ ಇಸ್ತ್ರಿ ಮಾಡಿದ ಬಿಳಿ ಅಂಗಿ ಮೂರು ಹೆಜ್ಜೆ ಹಿಂದಕ್ಕೆ ಸರಿಯಿತು.

ಈಗಲೂ ಆ ಟ್ರೇಲರಿನ ಸದ್ದು ಕೇಳಿದರೆ ಸಾಕು, ಸುಬೇದಾರರು ಗೋಡೆಗೆ ಬೆನ್ನು ಹಚ್ಚಿ ನಿಂತೇ ಸೆಲ್ಯೂಟ್ ಹೊಡೆಯುತ್ತಾರೆ.