ಜವಾನನ ಸೋಮವಾರದ ರಜೆ

ಆ ಕಚೇರಿಯವರೆಲ್ಲ ಮೊಬೈಲಿನಲ್ಲಿ ಫ್ಯಾಂಟಸಿ ಫುಟ್‌ಬಾಲ್ ಆಡುತ್ತಿದ್ದರು. ವಾರಕ್ಕೊಮ್ಮೆ ಹನ್ನೊಂದು ಜನ ಆಟಗಾರರನ್ನು ಆರಿಸಬೇಕು. ಅವರು ಮೈದಾನದಲ್ಲಿ ಆಡಿದಂತೆ ಅಂಕ. ಸೋಮವಾರದ ಫಲಿತಾಂಶದಲ್ಲಿ ಕೊನೆಗೆ ಬಂದವರು ಅಂದು ಎಲ್ಲರ ಟೀ ಲೋಟ ತೊಳೆಯಬೇಕು. ಈ ನಿಯಮ ಮ್ಯಾನೇಜರ್ ಶಂಕರಲಿಂಗಪ್ಪನವರದೇ. ಉಳಿದ ದಿನಗಳಲ್ಲೆಲ್ಲ ತೊಳೆಯುವವನು ಜವಾನ. ಆಟದಲ್ಲಿ ಗೆಲ್ಲುವವನೂ ಅವನೇ; ಹಾಗಾಗಿ ಸೋಮವಾರ ಅವನ ಕೈಗೆ ರಜೆ.

"ಏಯ್, ಇನ್ಮೇಲೆ ನಿನ್ನ ಟೀಮು ನನಗೆ ತೋರಿಸ್ಬೇಕು. ಇಲ್ಲಾಂದ್ರೆ ಕೆಲಸ ಬಿಟ್ಟು ನಡಿ!" ಮ್ಯಾನೇಜರು ಜವಾನನನ್ನು ಗದರಿದರು.

"ಆಗ್ಲಿ ಸಾರ್."

ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದ ಹನ್ನೊಂದು ಆಟಗಾರರನ್ನೇ ಜವಾನ ಹುಡುಕಿ ಹುಡುಕಿ ಆರಿಸಿದ. ಮ್ಯಾನೇಜರು ಒಂದು ಹೆಸರೂ ಬಿಡದೆ ನಕಲು ಮಾಡಿದರು. ಸೋಮವಾರ ಇಬ್ಬರಿಗೂ ಸೊನ್ನೆ, ಇಬ್ಬರೂ ಕೊನೆ.

ನಲ್ಲಿಯ ಮುಂದೆ ಅಂಗಿಯ ತೋಳು ಮಡಿಸುತ್ತ ಮ್ಯಾನೇಜರು ಹಲ್ಲು ಕಡಿದರು. "ನೀನೂ ಸೋತೆಯಲ್ಲೋ ಮುಠ್ಠಾಳ!"

"ವಾರಕ್ಕೊಂದೇ ರಜೆ ಇತ್ತು ಸಾರ್. ನಿಮ್ಮ ಕೈಲಿ ಲೋಟ ನೋಡೋಕೆ ಅದನ್ನೂ ಬಿಟ್ಕೊಟ್ಟೆ."