ಓಗೊಡುವ ಗೊರವಂಕ

“ಗುರುಗಳೇ, ಹಗೆಯವರಿಗೆ ಹೆದರಿ ಊರು ಬಿಟ್ಟೆ. ಎಲ್ಲಿದ್ದೇನೆಂದು ಯಾರಿಗೂ ಹೇಳಲಿಲ್ಲ. ಮೊಬೈಲಿನಲ್ಲಿ ಒಂದು ಕರೆಯನ್ನೂ ಮಾಡಲಿಲ್ಲ. ತೀರಿಹೋದ ಅವ್ವನ ಮಾತು ಅದರಲ್ಲಿ ಉಳಿದಿದೆ, ಆಗಾಗ ಕೇಳುತ್ತೇನೆ, ಅಷ್ಟೆ. ಆದರೂ ನಾನು ಹೋದ ಊರಿಗೆಲ್ಲ ಅವರು ಬಂದರು. ಬಾಯಿ ಬಿಡದವನ ಜಾಗ ಅವರಿಗೆ ಹೇಗೆ ತಿಳಿಯಿತು?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ನೀನು ಬಾಯಿ ಬಿಡಲಿಲ್ಲ, ಸರಿ. ನಿನ್ನ ಜೇಬು? ಕೇಳು” ಎಂದು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಪಾಳೆಯಗಾರ ಮಾಡಿದ ಒಂದು ಕೊಲೆಯನ್ನು ಕಣ್ಣಾರೆ ಕಂಡುಬಿಟ್ಟ. ಕಂಡವನು ಉಳಿಯಬಾರದೆಂದು ಪಾಳೆಯಗಾರ ಆಳುಗಳನ್ನು ಅಟ್ಟಿದ. ನೇಕಾರ ಮಗ್ಗ ಬಿಟ್ಟ, ಮನೆ ಬಿಟ್ಟ, ಕಾಡು ಸೇರಿದ. ಸಾಕಿದ ಗೊರವಂಕವನ್ನು ಮಾತ್ರ ಬಿಡಲಿಲ್ಲ. ಅವನ ಒಬ್ಬಳೇ ಮಗಳು ದ್ಯಾಮಿ ಜ್ವರ ಬಂದು ಸತ್ತಿದ್ದಳು. ಬದುಕಿದ್ದಾಗ ಯಾರು ಕೂಗಿದರೂ “ಓ, ಬಂದೆ” ಎನ್ನುತ್ತಿದ್ದಳು. ಹಕ್ಕಿ ಅದನ್ನು ಕಲಿತಿತ್ತು. ಈಗಲೂ “ದ್ಯಾಮೀ” ಎಂದರೆ ಸಾಕು, ಅವಳದೇ ದನಿಯಲ್ಲಿ ಓಗೊಡುತ್ತಿತ್ತು. ಇದು ಊರಿಗೆಲ್ಲ ಗೊತ್ತಿತ್ತು. ಪಾಪ, ಮಗಳೆಂದು ಅವನಿಗೆ ಉಳಿದದ್ದು ಅಷ್ಟೇ.

ನೇಕಾರ ಜಾಣ. ಹೆಜ್ಜೆ ಮೂಡದಂತೆ ಬಂಡೆಯ ಮೇಲೆ ನಡೆದ. ಹೊಗೆ ಏಳದಂತೆ ಹಸಿ ಗೆಡ್ಡೆ ತಿಂದ. ಕೆಮ್ಮು ಬಂದರೆ ಕಂಬಳಿ ಕಚ್ಚಿಕೊಂಡ. ಆಳುಗಳು ಹುಡುಕಿ ಹುಡುಕಿ ಸೋತರು.

ಅವರಲ್ಲಿ ಒಬ್ಬ ಮುದಿ ಬೇಟೆಗಾರನಿದ್ದ. “ಹುಡುಕೂದು ಸಾಕು. ಇನ್ನ ಕರೀರಿ. ಅವ ಓ ಅನ್ನೂದಿಲ್ಲ, ಅವನ ಮಗಳು ಅಂತಾಳ” ಎಂದ.

ಮಂಜು ಕವಿದ ಬೆಳಗ್ಗೆ ಮೂವರನ್ನು ಮೂರು ಗುಡ್ಡ ಹತ್ತಿಸಿದ. ಮೊದಲನೆಯವನು “ದ್ಯಾಮೀ” ಎಂದು ಕೂಗಿದ. ಕಣಿವೆಯೊಳಗಿಂದ “ಓ, ಬಂದೆ” ಎಂದು ಕೇಳಿತು. ಮಂಜಿನಲ್ಲಿ ದಿಕ್ಕು ತಿಳಿಯಲಿಲ್ಲ. ಓ ಬರಲು ಹಿಡಿದ ಹೊತ್ತಿನಿಂದ ದೂರ ಮಾತ್ರ ತಿಳಿಯಿತು. ಅಷ್ಟು ದೂರದಲ್ಲಿ ಗುಡ್ಡದ ಸುತ್ತ ನೇಕಾರ ಎಲ್ಲಿ ಬೇಕಾದರೂ ಇರಬಹುದು. ಎರಡನೆಯವನು ಕೂಗಿದ, ಮತ್ತೆ ಓ ಬಂತು. ಅವನು ಅಳೆದ ದೂರವನ್ನೂ ಕೂಡಿಸಿ ನೋಡಿದರೆ ಎರಡೇ ಜಾಗ ಉಳಿದವು.

ನೇಕಾರ ಹಕ್ಕಿಯನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡ. ಮೂರನೆಯ ಗುಡ್ಡದಿಂದ ಕೂಗು ಬಂದಾಗ ಅದರ ಕುತ್ತಿಗೆಗೆ ಕೈ ಹಾಕಿದ. ಬೆರಳು ಬಿಗಿಯಲಿಲ್ಲ. ಒಮ್ಮೆ ಮಣ್ಣು ಮಾಡಿದ ಮಗಳನ್ನು ಇನ್ನೊಮ್ಮೆ ಕೊಲ್ಲಲು ಯಾವ ತಂದೆಗೆ ಕೈ ಬರುತ್ತದೆ? ಅವನ ಎದೆಯ ಮೇಲಿಂದ ಅವಳು “ಓ, ಬಂದೆ” ಎಂದಳು.

ಎರಡು ಜಾಗದಲ್ಲಿ ಈಗ ಒಂದೇ ಉಳಿಯಿತು. ಆಳುಗಳು ಅತ್ತಿತ್ತ ನೋಡಲೂ ಇಲ್ಲ. ನೆಟ್ಟಗೆ ಒಂದು ಮರದ ಬುಡಕ್ಕೆ ನಡೆದು ಬಂದರು. ನೇಕಾರನ ತಲೆ ಉರುಳಿತು. ಅವರು ಹಿಂದಿರುಗುವಾಗ ಯಾರೂ ಯಾರನ್ನೂ ಕರೆದಿರಲಿಲ್ಲ. ಆದರೂ ಬೆನ್ನ ಹಿಂದಿನ ಮಂಜಿನೊಳಗಿಂದ “ಓ, ಬಂದೆ” ಎಂಬ ದನಿ ಊರ ಅಗಸೆ ಬಾಗಿಲವರೆಗೂ ಬಂತು.

ಗುರುಗಳು ಕತೆ ನಿಲ್ಲಿಸಿ, “ಊರೂರಿಗೂ ಮೊಬೈಲಿನ ಕಂಬ ನೆಟ್ಟಿದ್ದಾರಲ್ಲ, ಅವೇ ಆ ಗುಡ್ಡಗಳು. ಅವು ಕರೆಯುತ್ತಲೇ ಇರುತ್ತವೆ. ನೀನು ಸುಮ್ಮನಿದ್ದರೂ ನಿನ್ನ ಮೊಬೈಲು ಓ ಎನ್ನುತ್ತಲೇ ಇರುತ್ತದೆ. ಆ ಓ ಅಳೆದ ಲೆಕ್ಕ ನಿನ್ನ ಹಗೆಯವರ ಕೈ ಸೇರಿದೆ” ಎಂದರು.

ಶಿಷ್ಯನಿಗೆ ನೇಕಾರನ ಮೇಲೆ ಸಿಟ್ಟು ಬಂತು. “ಹುಚ್ಚ ಅವನು! ಜೀವಕ್ಕಿಂತ ಹಕ್ಕಿ ಹೆಚ್ಚೇ? ಬಿಟ್ಟುಬಿಟ್ಟಿದ್ದರೆ ಬದುಕುತ್ತಿದ್ದ” ಎಂದ.

“ಕೆರೆ ಇಲ್ಲೇ ಇದೆ,” ಎಂದರು ಗುರುಗಳು, “ಹೋಗಿ ನಿನ್ನ ಅವ್ವನನ್ನು ನೀರಿಗೆ ಹಾಕಿ ಬಾ.”