ಗೋಡೆಯಾಚೆಯ ಹದ

“ಗುರುಗಳೇ, ಕೇರಿಯ ಮಕ್ಕಳಿಗೆಂದೇ ಕಂಪ್ಯೂಟರ್ ಶಾಲೆ ತೆರೆದೆ. ಎರಡು ವರ್ಷ ಕಲಿಸಿದೆ. ಕೆಲಸಕ್ಕೆ ಸೇರಿದವರೆಲ್ಲ ಮೂರೇ ತಿಂಗಳಿಗೆ ಕೆಲಸ ಕಳೆದುಕೊಂಡು ಮನೆಗೆ ಬಂದರು. ಅವರಿಗೆ ಆ ಬುದ್ಧಿಯೇ ಇಲ್ಲವೇನೋ,” ಎಂದ ಶಿಷ್ಯ ಮರುಳಪ್ಪ.

“ಕೂತುಕೋ,” ಎಂದು ಗುರುಗಳು ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಕಮ್ಮಾರ. ಅವನ ಉಳಿಗೆ ಎಂಥ ಬಂಡೆಯೂ ಬಾಯಿ ಬಿಡುತ್ತಿತ್ತು. ಊರಾಚೆ ಕಲ್ಲುಕುಟಿಗರ ಕೇರಿ. ಅವರಿಗೆ ಸಿಗುತ್ತಿದ್ದದ್ದು ಊರವರು ಬಳಸಿ ಬಿಸಾಕಿದ ಮೊಂಡು ಉಳಿ. ಎರಡು ಪಟ್ಟು ಬೆವರು, ಅರ್ಧ ಕೂಲಿ. ಕೇರಿಯ ಹುಡುಗಿ ದುರುಗಿ ಕಮ್ಮಾರನ ಬಳಿ ಬಂದು ವಿದ್ಯೆ ಕೇಳಿದಳು. ಅವನೇನು ಕೆಟ್ಟವನಲ್ಲ. ನಾಲ್ಕು ಜನರಿಂದ ಭೇಷ್ ಅನ್ನಿಸಿಕೊಳ್ಳುವ ಆಸೆಯೂ ಇತ್ತೆನ್ನು. ಸೇರಿಸಿಕೊಂಡ.

ಅಂಗಳದ ಕುಲುಮೆಯಲ್ಲಿ ಅವಳು ತಿದಿ ಒತ್ತಿದಳು, ಸುತ್ತಿಗೆ ಹಿಡಿದಳು. ವರ್ಷ ಕಳೆಯುವಷ್ಟರಲ್ಲಿ ಕಮ್ಮಾರನ ಮಕ್ಕಳಿಗಿಂತ ಚೆನ್ನಾಗಿ ಉಳಿ ಬಡಿದಳು. ಆದರೆ ಬಡಿದ ಉಳಿಗೆ ಹದ ಕೊಡುವುದು ಒಳಮನೆಯ ಒಲೆಯಲ್ಲಿ. ಅದು ಅಜ್ಜನ ಕಾಲದ ಪದ್ಧತಿ. ಮಕ್ಕಳು ಅಲ್ಲಿ ಅಪ್ಪನ ಪಕ್ಕ ಕೂತು ನೋಡುತ್ತಿದ್ದರು. ದುರುಗಿಗೆ ಬರಬೇಡವೆಂದು ಯಾರೂ ಹೇಳಲಿಲ್ಲ, ಬಾ ಎಂದೂ ಕರೆಯಲಿಲ್ಲ. ಕೇಳಿದರೆ ಸಿಕ್ಕಿದ್ದೂ ಕೈಬಿಟ್ಟೀತೆಂದು ಅವಳಿಗೆ ಭಯ.

ಗೋಡೆಗೆ ಕಿವಿಗೊಟ್ಟು ಕೂತಳು. ಕಾದ ಉಳಿ ನೀರಿಗೆ ಬಿದ್ದು ಚುಂಯ್ ಎಂದದ್ದು ಕೇಳಿತು. ಇಷ್ಟೇ ತಾನೆ ಅಂದುಕೊಂಡಳು. ಆದರೆ ನೀರಿನಿಂದ ತೆಗೆದ ಉಳಿಯನ್ನು ಮತ್ತೆ ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಕಾಯಿಸಬೇಕು. ಇಲ್ಲದಿದ್ದರೆ ಅದು ಗಾಜಿನ ಹಾಗೆ ಸಿಡಿಯುತ್ತದೆ. ಆ ಕೆಲಸಕ್ಕೆ ಸದ್ದಿಲ್ಲ.

ದುರುಗಿ ಕೇರಿಯಲ್ಲೇ ಕುಲುಮೆ ಹೂಡಿದಳು. ಮೊದಲ ಉಳಿಯನ್ನು ಅಣ್ಣನ ಕೈಗಿಟ್ಟು, “ಇನ್ನು ಯಾರ ಹಂಗೂ ಬೇಡ ಕಣಣ್ಣ,” ಎಂದಳು. ಅವನು ಬಂಡೆಗೆ ಮೂರು ಏಟು ಹಾಕಿದ. ಮೊನೆ ಸಿಡಿದು ಕಣ್ಣಿಗೆ ಹೊಕ್ಕಿತು. ಆ ಕಣ್ಣು ಉಳಿಯಲಿಲ್ಲ.

ಊರವರು ಬಂದು ನೋಡಿದರು. ಆ ಕೈಗೆ ಈ ವಿದ್ಯೆ ಹತ್ತುವುದಿಲ್ಲ ಎಂದರು. ಕಮ್ಮಾರನೂ ಹೌದೆಂದು ತಲೆಯಾಡಿಸಿದ. ಕೇರಿಯವರನ್ನು ಮತ್ತೆ ಅಂಗಳಕ್ಕೂ ಸೇರಿಸಲಿಲ್ಲ. ಎಲ್ಲಕ್ಕಿಂತ ಸಂಕಟದ ಮಾತೆಂದರೆ, ಅವರಂದದ್ದನ್ನು ದುರುಗಿಯೂ ನಂಬಿದಳು. ಮತ್ತೆ ಸುತ್ತಿಗೆ ಮುಟ್ಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪನ ಕಣ್ಣು ತುಂಬಿತ್ತು. “ಎಂಥ ಪಾಪಿ ಆ ಕಮ್ಮಾರ,” ಎಂದ.

“ಅವನನ್ನು ಬಿಡು. ನಿನ್ನ ಮಕ್ಕಳಿಗೆ ಮನೆಯಲ್ಲಿ ಹೇಳಿಕೊಟ್ಟು, ಈ ಮಕ್ಕಳಿಗೆ ಶಾಲೆಯಲ್ಲಿ ಹೇಳದೆ ಬಿಟ್ಟದ್ದು ಏನು?”